ರೇಸ್ ಕೊಟ್ಟಾಗ ಎಂಜಿನ್ ಏಕೆ ತಡವರಿಸುತ್ತದೆ?



ನಿಮ್ಮಲ್ಲಿ ಹಲವರ ಮನೆಯಲ್ಲಿ ಹೊಲಕ್ಕೆ ಹೋಗಿಬರುವ ಒಂದು ಹಳೆಯ ಮೊಪೆಡ್ ಇರಬಹುದು. ಅದು ಡಾಂಬರು ರಸ್ತೆಗಿಂತ ಹೆಚ್ಚಾಗಿ ಬದುವಿನ ಮೇಲೆ, ಗಾಡಿದಾರಿಯಲ್ಲಿ, ಹಳ್ಳದ ಮರಳಿನಲ್ಲಿ ಓಡುತ್ತದೆ. ಮುಂದೆ ಗೊಬ್ಬರದ ಚೀಲ, ಹಿಂದೆ ಮೇವಿನ ಹೊರೆ, ಎರಡೂ ಬದಿಗೆ ಹಾಲಿನ ಕ್ಯಾನು. ಇಂಥ ಗಾಡಿ ನಿಂತಲ್ಲಿ ಚೆನ್ನಾಗಿ 'ಟುಕು ಟುಕು' ಎನ್ನುತ್ತಿರುತ್ತದೆ. ಆದರೆ ರೇಸ್ ತಿರುವಿದೊಡನೆ ಮುಂದೆ ನುಗ್ಗುವ ಬದಲು 'ಗುಕ್' ಎಂದು ಉಸಿರು ಹಿಡಿಯುತ್ತದೆ. ಒಂದು ಕ್ಷಣ ಸತ್ತಂತಾಗಿ ಮತ್ತೆ ಎದ್ದು ಓಡುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. ಈ ತಡವರಿಕೆ ಏಕೆ ಬರುತ್ತದೆ, ಅದರ ಮೂಲವನ್ನು ಹುಡುಕುವ ಕ್ರಮ ಯಾವುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಇದು ಕೇವಲ ಗಾಡಿಯ ವಿಷಯವಲ್ಲ. ಕಬ್ಬಿನಲ್ಲಿ ಕಳೆ ತೆಗೆಯುವ ಪೆಟ್ರೋಲ್ ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಇವೆಲ್ಲವೂ ಇದೇ ರೀತಿ ಮೊಂಡು ಹಿಡಿಯುವುದುಂಟು. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಮಾತ್ರ ಈ ರೋಗ ಬರುವುದಿಲ್ಲ, ಏಕೆಂದರೆ ಅದಕ್ಕೆ ಕಾರ್ಬುರೇಟರೇ ಇಲ್ಲ. 2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿಯೂ ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಆದರೂ ನಮ್ಮ ಹಳ್ಳಿಗಳ ಹಳೆಯ ಗಾಡಿಗಳೂ ಸಣ್ಣ ಯಂತ್ರಗಳೂ ಇನ್ನೂ ಕಾರ್ಬುರೇಟರನ್ನೇ ನಂಬಿವೆ.

ಒಂದು ಸಂಜೆಯ ಘಟನೆ

ಆಜರಾ ತಾಲೂಕಿನ ಉತ್ತೂರದ ಕಡೆ ನನ್ನ ಕಾಕಾನ ಹೊಲವಿದೆ. ಅವರ ಬಳಿ ಹಳೆಯ ಎರಡು ಸ್ಟ್ರೋಕಿನ ಮೊಪೆಡ್ ಇದೆ. ಆ ಭಾಗದ ಮಳೆ ನಿಮಗೆ ಗೊತ್ತೇ ಇದೆ. ಜೂನಿನಿಂದ ಸಪ್ಟೆಂಬರಿನವರೆಗೆ ಹೊಲದ ದಾರಿ ಕೆಸರಾಗಿರುವುದರಿಂದ ಗಾಡಿ ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಮಳೆ ಹಿಂದೆ ಸರಿದ ಮೇಲೆ ಹೊರಗೆ ತೆಗೆದರು. ಚಾಲೂ ಆಯಿತು, ಆದರೆ ತಡವರಿಸತೊಡಗಿತು. 'ನಾಲ್ಕು ದಿವಸ ಓಡಿದರೆ ತಾನೇ ಸರಿಹೋಗುತ್ತದೆ' ಎಂದು ಕಾಕಾ ಹಾಗೆಯೇ ನಡೆಸಿದರು.

ಕಬ್ಬಿನ ಹಂಗಾಮು ಆಗತಾನೇ ಆರಂಭವಾಗಿತ್ತು. ಒಂದು ಸಂಜೆ ಕಾಕಾ ಹಾಲಿನ ಕ್ಯಾನು ಕಟ್ಟಿಕೊಂಡು ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಏರುತ್ತಿದ್ದರು. ದೂರದಲ್ಲಿ ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರ್ ಬರುತ್ತಿತ್ತು. ದಾಟಲು ಸಮಯವಿದೆಯೆಂದು ರೇಸ್ ತಿರುವಿದರು. ಗಾಡಿ ನಡುರಸ್ತೆಗೆ ಬಂದು ನಿಂತಿತು. ಟ್ರ್ಯಾಕ್ಟರಿನವನು ಬ್ರೇಕು ಹಾಕಿ ಮಗ್ಗುಲಿಗೆ ಎಳೆದುಕೊಂಡನು. ಹಾಲೆಲ್ಲ ಚೆಲ್ಲಿತು. ಯಾರಿಗೂ ಪೆಟ್ಟಾಗಲಿಲ್ಲವೆಂಬುದೇ ಪುಣ್ಯ.

ಆ ವಾರ ನಾನು ಊರಿಗೆ ಹೋದಾಗ ಗಾಡಿಗೆ ಹೊಸ ಪ್ಲಗ್ ಹಾಕಿಯಾಗಿತ್ತು. ಓಣಿಯ ಹುಡುಗರು ಕಾರ್ಬುರೇಟರಿನ ಎರಡೂ ಸ್ಕ್ರೂಗಳನ್ನು ತಿರುವಿದ್ದರು. ಒಬ್ಬರು ಒಳಗಿನ ಸೂಜಿಯನ್ನೂ ಮೇಲೆತ್ತಿದ್ದರು. ಗಾಡಿ ಮೊದಲಿಗಿಂತ ಕೆಟ್ಟಿತ್ತು.

"ಕಾರ್ಬುರೇಟರ್ ಪೂರಾ ಹೊಸಾದ ಹಾಕಬೇಕು ಅಂತಾರಪ್ಪ. ಅಂದ್ರ ಈ ಸಲದ ಹಾಲಿನ ಬಿಲ್ಲು ಅದಕ್ಕ ಹೋತು ಅಂತ ತಿಳಿ," ಎಂದರು ಕಾಕಾ.

"ಹಾಕೂಣಂತ ಕಾಕಾ. ಮೊದಲ ಏನ್ ಆಗೇತಿ ಅಂತ ನೋಡೂಣು ತಡೀರಿ," ಎಂದೆ ನಾನು.

ನಾವು ನೋಡಿದ್ದನ್ನು ಹೇಳುವ ಮೊದಲು ಕಾರ್ಬುರೇಟರ್ ಮಾಡುವ ಕೆಲಸವನ್ನು ತಿಳಿದುಕೊಳ್ಳಬೇಕು.

ಕಾರ್ಬುರೇಟರಿನ ಕೆಲಸ

ಪೆಟ್ರೋಲ್ ದ್ರವರೂಪದಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ಸಣ್ಣ ಹನಿಗಳಾಗಿ ಒಡೆದು, ಆವಿಯಾಗಿ, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ತೂಕದಲ್ಲಿ ಹೇಳುವುದಾದರೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹಗುರವಾದ್ದರಿಂದ ಗಾತ್ರದ ಲೆಕ್ಕ ಬೆರಗು ಹುಟ್ಟಿಸುತ್ತದೆ. 1 ಲೀಟರ್ ಪೆಟ್ರೋಲನ್ನು ಉರಿಸಲು 9ರಿಂದ 10 ಸಾವಿರ ಲೀಟರ್ ಗಾಳಿ ಬೇಕು! ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ 'ತೆಳು' ಎನ್ನುತ್ತೇವೆ. ಪೆಟ್ರೋಲ್ ಹೆಚ್ಚಾದರೆ 'ಗಟ್ಟಿ' ಎನ್ನುತ್ತೇವೆ. ಎರಡೂ ಮಿತಿ ಮೀರಿದರೆ ಕಿಡಿ ಹಾರಿದರೂ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದು.

ಬೆರೆಸುವ ಕೆಲಸ ನಡೆಯುವುದು ಹೀಗೆ. ಒಂದು ಲೋಟ ನೀರಿನಲ್ಲಿ ಗಿಡ್ಡ ಕೊಳವೆಯೊಂದನ್ನು ನೆಟ್ಟಗೆ ಹಿಡಿಯಿರಿ. ಇನ್ನೊಂದು ಕೊಳವೆಯಿಂದ ಅದರ ಮೇಲ್ತುದಿಗೆ ಅಡ್ಡವಾಗಿ ಜೋರಾಗಿ ಊದಿರಿ. ನೀರು ಮೇಲೇರಿ ತುಂತುರಾಗಿ ಹಾರುತ್ತದೆ. ಕಾರ್ಬುರೇಟರಿನ ನಡುವೆ ಗಾಳಿಯ ದಾರಿ ಕಿರಿದಾಗಿರುತ್ತದೆ. ಅಲ್ಲಿ ಗಾಳಿ ವೇಗವಾಗಿ ಹರಿದು ಒತ್ತಡ ಕಡಿಮೆಯಾಗುತ್ತದೆ, ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೇರುತ್ತದೆ. ಹರಿಯುವ ವಸ್ತುವಿನ ವೇಗಕ್ಕೂ ಒತ್ತಡಕ್ಕೂ ಇರುವ ಈ ಸಂಬಂಧವನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಇಂಥ ಕಿರಿದಾದ ಕೊಳವೆಗೆ ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರಿದೆ. ಪೆಟ್ರೋಲನ್ನು ತುಂತುರು ಮಾಡುವ ಕಾರ್ಬುರೇಟರನ್ನು 1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೊಂಕಾ ಎಂಬಿಬ್ಬರು ರೂಪಿಸಿದರು. ಜರ್ಮನಿಯ ಮೈಬಾಖ್ ಕೂಡ ಅದೇ ಕಾಲದಲ್ಲಿ ಅಂಥದನ್ನೇ ಮಾಡಿದನು.

ಸಣ್ಣ ಗಾಡಿಯ ಕಾರ್ಬುರೇಟರಿನಲ್ಲಿ ನಾವು ನೆನಪಿಡಬೇಕಾದ ಭಾಗಗಳು ಇವು:

ತೇಲುಬಟ್ಟಲು: ಇದರಲ್ಲಿ ಪೆಟ್ರೋಲ್ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನೀರಿನ ಟಾಕಿಯ ತೇಲುಗುಂಡು ನಲ್ಲಿಯನ್ನು ಮುಚ್ಚುವಂತೆ ಇಲ್ಲಿಯೂ ಒಂದು ತೇಲು, ಬಟ್ಟಲು ತುಂಬಿದೊಡನೆ ದಾರಿಯನ್ನು ಮುಚ್ಚುತ್ತದೆ.

ಸ್ಲೈಡು: ನಾವು ರೇಸ್ ತಿರುವಿದಾಗ ತಂತಿ ಎಳೆದು ಮೇಲೇರುವ ಬಾಗಿಲು. ಇದು ಏರಿದಷ್ಟು ಗಾಳಿ ಒಳಗೆ ಬರುತ್ತದೆ.

ಸ್ಲೋ ಜೆಟ್: ಎಂಜಿನ್ ನಿಂತಲ್ಲಿ ನಡೆಯುವಾಗ, ಹಾಗೂ ರೇಸ್ ಈಗಷ್ಟೇ ತೆರೆಯುವಾಗ ಪೆಟ್ರೋಲ್ ಕೊಡುವ ಅತಿ ಸಣ್ಣ ರಂಧ್ರ.

ಜೆಟ್ ಸೂಜಿ: ಸ್ಲೈಡಿಗೆ ಸಿಕ್ಕಿಸಿದ ಮೊನಚಾದ ಸೂಜಿ. ರೇಸ್ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಇದರ ಕಾರುಬಾರು.

ಮೇನ್ ಜೆಟ್: ರೇಸ್ ಪೂರ್ತಿ ತೆರೆದಾಗ ಪೆಟ್ರೋಲಿನ ಅಳತೆ ಇದರದು.

ಅಂದರೆ ಒಂದೇ ಕಾರ್ಬುರೇಟರಿನಲ್ಲಿ ಮೂರು ನಾಲ್ಕು ಜನ ಪಾಳಿಯಂತೆ ದುಡಿಯುತ್ತಾರೆ. ಯಾವ ಪಾಳಿಯಲ್ಲಿ ಕೆಲಸ ಕೆಡುತ್ತದೆಂದು ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತದೆ. ರೋಗ ಹುಡುಕುವ ಮುಖ್ಯ ಸೂತ್ರ ಇದೇ.

ತಡವರಿಕೆ ಹುಟ್ಟುವ ಬಗೆ

ನಾವು ರೇಸನ್ನು ಒಮ್ಮೆಗೇ ತಿರುವಿದಾಗ ಸ್ಲೈಡು ಏರಿ ಗಾಳಿ ತಟ್ಟನೆ ಒಳನುಗ್ಗುತ್ತದೆ. ಪೆಟ್ರೋಲ್ ಗಾಳಿಗಿಂತ ಸುಮಾರು 600 ಪಟ್ಟು ಭಾರ. ಭಾರವಾದ ವಸ್ತು ಕೂಡಲೇ ವೇಗ ಹಿಡಿಯುವುದಿಲ್ಲವೆಂದು ನೀವು ಜಡತ್ವದ ಪಾಠದಲ್ಲಿ ಓದಿದ್ದೀರಿ. ಗಾಳಿ ಬಂದು ಮುಟ್ಟಿರುತ್ತದೆ, ಪೆಟ್ರೋಲ್ ಇನ್ನೂ ದಾರಿಯಲ್ಲಿರುತ್ತದೆ. ಆ ಅರೆಕ್ಷಣ ಮಿಶ್ರಣ ತೆಳುವಾಗುತ್ತದೆ. ಸ್ಲೋ ಜೆಟ್ ಸರಿಯಾಗಿದ್ದರೆ ಈ ಕೊರತೆಯನ್ನು ತುಂಬಿಕೊಡುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ಅದು ಅರ್ಧ ಕಟ್ಟಿಕೊಂಡಿದ್ದರೆ ಎಂಜಿನ್ 'ಗುಕ್' ಎನ್ನುತ್ತದೆ.

ಒಂದು ಲೆಕ್ಕ ಮಾಡೋಣ. ಸ್ಲೋ ಜೆಟ್ಟಿನ ರಂಧ್ರದ ವ್ಯಾಸ 0.40 ಮಿಲಿಮೀಟರ್ ಎಂದು ಇಟ್ಟುಕೊಳ್ಳಿರಿ. ಒಳಗಿನ ಗೋಡೆಗೆ ಸುತ್ತಲೂ 0.05 ಮಿಲಿಮೀಟರ್ ದಪ್ಪದ ಅಂಟು ಕುಳಿತರೆ ಉಳಿಯುವ ವ್ಯಾಸ 0.30. ವೃತ್ತದ ಕ್ಷೇತ್ರಫಲ ವ್ಯಾಸದ ವರ್ಗಕ್ಕೆ ಅನುಸಾರವಾಗಿರುವುದರಿಂದ 0.09ನ್ನು 0.16ರಿಂದ ಭಾಗಿಸಿದರೆ 0.56 ಬರುತ್ತದೆ. ಕೂದಲೆಳೆಯಷ್ಟೂ ದಪ್ಪವಿಲ್ಲದ ಅಂಟು ದಾರಿಯ 44 ಶೇಕಡಾ ಭಾಗವನ್ನು ನುಂಗಿಬಿಟ್ಟಿತು!

ಹುಡುಕುವ ಕ್ರಮ

ವೈದ್ಯರು ನಾಡಿ ನೋಡದೆ ಹೊಟ್ಟೆ ಕೊಯ್ಯುವುದಿಲ್ಲ. ಹಾಗೆಯೇ ನಾವೂ ಸುಲಭವಾದುದನ್ನು ಮೊದಲು, ಬಿಚ್ಚುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮಾಡಿದ್ದನ್ನು ಕಾಗದದ ಮೇಲೆ ಬರೆಯಬೇಕು.

1. ಯಾವಾಗ ತಡವರಿಸುತ್ತದೆಂದು ಗುರುತಿಸಿರಿ. ತಣ್ಣಗಿದ್ದಾಗ ಮಾತ್ರವೋ, ಬಿಸಿಯಾದ ಮೇಲೆಯೋ? ರೇಸಿನ ಆರಂಭದಲ್ಲೋ, ನಡುವೆಯೋ, ಪೂರ್ತಿ ತೆರೆದಾಗಲೋ? ರೇಸಿನ ಹಿಡಿಕೆಗೆ ಒಂದು ತುಂಡು ಪಟ್ಟಿ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಹಾಕಿದರೆ ಸರಿಯಾಗಿ ತಿಳಿಯುತ್ತದೆ.

2. ಪೆಟ್ರೋಲ್ ಸರಿಯಾಗಿ ಇಳಿಯುತ್ತಿದೆಯೇ ನೋಡಿರಿ. ಟಾಕಿಯ ಮುಚ್ಚಳದಲ್ಲಿ ಗಾಳಿಗಾಗಿ ಒಂದು ಸಣ್ಣ ತೂತು ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದ್ದರೆ ಪೆಟ್ರೋಲ್ ಇಳಿಯುವುದು ನಿಂತು, ಸ್ವಲ್ಪ ದೂರ ಓಡಿದ ಗಾಡಿ ಸೊರಗುತ್ತದೆ. ಮುಚ್ಚಳ ಸಡಿಲಿಸಿದೊಡನೆ ಸರಿಹೋದರೆ ರೋಗ ಅಲ್ಲಿಯೇ ಇದೆ.

3. ಗಾಳಿಯ ಜಾಳಿಗೆಯನ್ನು ನೋಡಿರಿ. ಹೊಲದ ಧೂಳಿನಿಂದ ಅದು ಕಟ್ಟಿಕೊಂಡರೆ ಮಿಶ್ರಣ ಗಟ್ಟಿಯಾಗಿ ಕಪ್ಪು ಹೊಗೆ ಬರುತ್ತದೆ. ಅದನ್ನು ತೆಗೆದೇ ಗಾಡಿ ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಧೂಳು ಒಳಸೇರಿ ಸಿಲಿಂಡರ್ ಸವೆಯುತ್ತದೆ.

4. ಪ್ಲಗ್ಗಿನ ಬಣ್ಣ ಓದಿರಿ. ತಿಳಿ ಕಂದು ಬಣ್ಣವಿದ್ದರೆ ಒಳ್ಳೆಯದು. ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣ ತೆಳು. ಒಣ ಕಪ್ಪು ಮಸಿಯಿದ್ದರೆ ಗಟ್ಟಿ. ಎಣ್ಣೆಯಿಂದ ಒದ್ದೆ ಕಪ್ಪಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲ. ಎರಡು ಸ್ಟ್ರೋಕಿನ ಗಾಡಿಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಎಣ್ಣೆ ಬೆರೆಸಬೇಕು. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್. ಅಂದಾಜಿನಿಂದ ಸುರಿಯಬಾರದು.

5. ಚೋಕಿನ ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ ಚೋಕನ್ನು ಅರ್ಧ ಎಳೆದು ರೇಸ್ ಕೊಡಿರಿ. ಚೋಕು ಮಿಶ್ರಣವನ್ನು ಗಟ್ಟಿ ಮಾಡುತ್ತದೆ. ತಡವರಿಕೆ ಕಡಿಮೆಯಾದರೆ ಮೂಲದಲ್ಲಿ ಮಿಶ್ರಣ ತೆಳುವಾಗಿತ್ತು. ಇನ್ನೂ ಹೆಚ್ಚಾದರೆ ಗಟ್ಟಿಯಾಗಿತ್ತು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯಿಂದ ಅರ್ಧ ಉತ್ತರ ಸಿಗುತ್ತದೆ.

6. ಕಾರ್ಬುರೇಟರ್ ಮತ್ತು ಎಂಜಿನ್ನಿನ ನಡುವಿನ ನಟ್ಟು ಸಡಿಲಾಗಿದೆಯೇ, ರಬ್ಬರು ಸೀಳಿದೆಯೇ ನೋಡಿರಿ. ಅಲ್ಲಿಂದ ಕಳ್ಳಗಾಳಿ ನುಸುಳಿದರೂ ಮಿಶ್ರಣ ತೆಳುವಾಗುತ್ತದೆ. ಕಲ್ಲುದಾರಿಯಲ್ಲಿ ಓಡುವ ಗಾಡಿಗೆ ಇದು ಸಾಮಾನ್ಯ.

7. ಇಷ್ಟಾದ ಮೇಲೆ ತೇಲುಬಟ್ಟಲಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ, ಅಗತ್ಯವಿದ್ದರೆ ಜೆಟ್ಟುಗಳನ್ನು ಬಿಚ್ಚಿ ತೊಳೆಯಬೇಕು.

8. ಸ್ಕ್ರೂ ತಿರುವುವುದು ಎಲ್ಲಕ್ಕಿಂತ ಕೊನೆಗೆ. ತಿರುವುವ ಮೊದಲು ಅದನ್ನು ಮೆಲ್ಲಗೆ ಒಳಗೆ ಕೂಡಿಸುತ್ತ ಎಷ್ಟು ಸುತ್ತು ಆಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಿರಿ. ಗಾಳಿಯ ಜಾಳಿಗೆಯ ಕಡೆಗಿರುವ ಸ್ಕ್ರೂ ಗಾಳಿಯನ್ನು ಅಳೆಯುತ್ತದೆ. ಅದನ್ನು ಒಳಗೆ ತಿರುವಿದರೆ ಮಿಶ್ರಣ ಗಟ್ಟಿ. ಎಂಜಿನ್ನಿನ ಕಡೆಗಿರುವ ಸ್ಕ್ರೂ ಪೆಟ್ರೋಲನ್ನು ಅಳೆಯುತ್ತದೆ. ಅದನ್ನು ಒಳಗೆ ತಿರುವಿದರೆ ಮಿಶ್ರಣ ತೆಳು. ಇದನ್ನರಿಯದೆ ತಿರುವಿದವರು ರೋಗವನ್ನು ಹೆಚ್ಚಿಸುತ್ತಾರೆ.

ಕಾಕಾನ ಗಾಡಿಯಲ್ಲಿ ಸಿಕ್ಕಿದ್ದು

ನಾವು ಮೊದಲು ಮಾಡಿದ ಕೆಲಸವೆಂದರೆ ಇತರರು ಮಾಡಿದ್ದನ್ನು ತಿರುಗಿ ಮೊದಲಿನಂತೆ ಮಾಡಿದ್ದು. ಗಾಳಿಯ ಸ್ಕ್ರೂ ಮೂರು ಸುತ್ತು ಹೊರಗಿತ್ತು, ಕೈಪಿಡಿಯಲ್ಲಿ ಒಂದೂವರೆ ಎಂದಿತ್ತು. ಅದನ್ನೂ ಸೂಜಿಯನ್ನೂ ಕೈಪಿಡಿಯಂತೆ ಇಟ್ಟೆವು. ಆಗ ಗಾಡಿ ಮೊದಲಿನಷ್ಟು ಮಾತ್ರ ಕೆಟ್ಟಿತ್ತು! ಅಲ್ಲಿಂದ ಹುಡುಕಲು ಆರಂಭಿಸಿದೆವು. ಕಾಕಾನ ಮಗಳು ಹಳೆಯ ನೋಟುಪುಸ್ತಕದಲ್ಲಿ ಬರೆಯುತ್ತ ಹೋದಳು.

ರೇಸ್ ಅರ್ಧದ ಮೇಲೆ ಹೋದರೆ ಗಾಡಿ ಚೆನ್ನಾಗಿ ಎಳೆಯುತ್ತಿತ್ತು. ಆದ್ದರಿಂದ ಮೇನ್ ಜೆಟ್ ಮತ್ತು ಸೂಜಿ ನಿರ್ದೋಷಿಗಳು. ಕಿಡಿಯೂ ಚೆನ್ನಾಗಿತ್ತು. ತಡವರಿಕೆ ಇದ್ದದ್ದು ರೇಸಿನ ಆರಂಭದಲ್ಲಿ ಮಾತ್ರ. ತೆಗೆದಿಟ್ಟಿದ್ದ ಹಳೆಯ ಪ್ಲಗ್ ಬೆಳ್ಳಗಿತ್ತು. ಚೋಕು ಅರ್ಧ ಎಳೆದೊಡನೆ ಗಾಡಿ ತಡವರಿಸದೆ ಎದ್ದಿತು. ಅಂದರೆ ರೇಸಿನ ಆರಂಭದಲ್ಲಿ ಮಿಶ್ರಣ ತೆಳು. ಬೆರಳು ತೋರಿದ್ದು ಸ್ಲೋ ಜೆಟ್ಟಿನ ಕಡೆಗೆ.

ಬಟ್ಟಲಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿದಾಗ ತಳದಲ್ಲಿ ಪಾದರಸದಂತೆ ಉರುಳುವ ಹನಿಗಳು ಕಂಡವು. ಅದು ನೀರು. ಬಟ್ಟಲಿನ ಒಳಮೈಗೆ ಕಂದು ಅಂಟು ಹತ್ತಿತ್ತು. ಸ್ಲೋ ಜೆಟ್ಟನ್ನು ಬಿಚ್ಚಿ ಆಕಾಶಕ್ಕೆ ಹಿಡಿದು ನೋಡಿದರೆ ಬೆಳಕೇ ಕಾಣಲಿಲ್ಲ.

"ಇಷ್ಟ ಸಣ್ಣದಕ್ಕ ನನ್ನ ನಡುರಸ್ತೇದಾಗ ನಿಲ್ಲಿಸ್ತೇನು ಇದು?" ಎಂದರು ಕಾಕಾ.

ಜೆಟ್ಟನ್ನು ಕಾರ್ಬುರೇಟರ್ ತೊಳೆಯುವ ದ್ರವದಲ್ಲಿ ನೆನೆಯಿಟ್ಟು, ಗಾಳಿ ಊದಿ ಸ್ವಚ್ಛಗೊಳಿಸಿದೆವು. ಜೆಟ್ ಹಿತ್ತಾಳೆಯದು, ಮೆದುವಾದುದು. ಅದಕ್ಕೆ ಉಕ್ಕಿನ ತಂತಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಅಳತೆಯೇ ಕೆಡುತ್ತದೆ. ಟಾಕಿಯ ಹಳೆಯ ಪೆಟ್ರೋಲನ್ನೂ ತೆಗೆದು ಹೊಸದನ್ನು ಹಾಕಿದೆವು. ಕೊಂಡದ್ದು ತೊಳೆಯುವ ದ್ರವ, ಒಂದು ಗ್ಯಾಸ್ಕೆಟ್, ಸ್ವಲ್ಪ ಪೆಟ್ರೋಲ್. ಹೊಸ ಕಾರ್ಬುರೇಟರಿನ ಹಣ ಉಳಿಯಿತು. ರೇಸ್ ತಿರುವಿದರೆ ಗಾಡಿ ತಡೆಯಿಲ್ಲದೆ ಏರಿತು.

ನಮ್ಮ ಕಬ್ಬು, ನಮ್ಮ ಟಾಕಿ

ನೀರು ಮತ್ತು ಅಂಟು ಎಲ್ಲಿಂದ ಬಂದವು? ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಹಗುರವಾದ ಭಾಗ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಯೊಡನೆ ಸೇರಿ ಅಂಟಾಗುತ್ತದೆ. ನೀರಿನ ಕಥೆ ಬೇರೆ. ಇಂದು ನಾವು ಕೊಳ್ಳುವ ಪೆಟ್ರೋಲಿನಲ್ಲಿ ಎಥನಾಲ್ ಎಂಬ ಮದ್ಯಸಾರ ಬೆರೆತಿರುತ್ತದೆ. ಇದರ ಪ್ರಮಾಣ ದೇಶದಲ್ಲಿ 2022ರಲ್ಲಿ 10 ಶೇಕಡಾ ಮುಟ್ಟಿತು. 20 ಶೇಕಡಾ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2025ರಲ್ಲಿ ದೇಶವು ಆ ಮಟ್ಟವನ್ನು ಮುಟ್ಟಿತು. ಈ ಎಥನಾಲಿನ ಒಂದು ದೊಡ್ಡ ಮೂಲ ಕಬ್ಬು. ಹಿರಣ್ಯಕೇಶಿಯ ನೀರು ಕುಡಿದು ಬೆಳೆದ ನಮ್ಮ ಕಬ್ಬೂ ಹೀಗೆ ಯಾರದೋ ಗಾಡಿಯ ಟಾಕಿಯನ್ನು ಸೇರಬಹುದು. ರೈತನಿಗೆ ಇದು ಒಳ್ಳೆಯ ಸುದ್ದಿಯೇ.

ಆದರೆ ಎಥನಾಲಿಗೆ ನೀರಿನ ಮೋಹ ಬಹಳ. ಹಸಿ ಗಾಳಿಯಿಂದಲೂ ನೀರನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಹೊರಗೆ ಹೋಗುವ ದಾರಿಯೂ ತಳದಲ್ಲಿಯೇ ಇರುತ್ತದೆ! ಇನ್ನೊಂದು ಮಾತು. ಎಥನಾಲ್ ಉರಿಯಲು ತೂಕದಲ್ಲಿ ಸುಮಾರು 9 ಪಟ್ಟು ಗಾಳಿ ಸಾಕು. ಆದ್ದರಿಂದ 20 ಶೇಕಡಾ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿ 14.7 ಪಟ್ಟಿನಿಂದ ಸುಮಾರು 13.5 ಪಟ್ಟಿಗೆ ಇಳಿಯುತ್ತದೆ. ಹಳೆಯ ಗಾಡಿಯ ಜೆಟ್ ಹಳೆಯ ಪೆಟ್ರೋಲಿಗೆ ಅಳೆದು ಮಾಡಿದ್ದು. ಅದೇ ಜೆಟ್ಟಿನಲ್ಲಿ ಹೊಸ ಪೆಟ್ರೋಲ್ ಹರಿದರೆ ಮಿಶ್ರಣ ಕೊಂಚ ತೆಳುವಾಗುತ್ತದೆ. ಜೆಟ್ ಸ್ವಚ್ಛವಿದ್ದಾಗ ಇದು ಅಷ್ಟಾಗಿ ಕಾಣದು. ಅಂಟು ಕುಳಿತಾಗ ಎರಡೂ ಕೂಡಿ ತಡವರಿಕೆ ಹುಟ್ಟುತ್ತದೆ.

ಇದಕ್ಕೆ ಮದ್ದು ಸುಲಭ. ಗಾಡಿಯನ್ನೋ ಕಳೆ ಯಂತ್ರವನ್ನೋ ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಟಾಕಿಯ ಪೆಟ್ರೋಲನ್ನು ತೆಗೆದು, ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ, ಬಟ್ಟಲಿನಲ್ಲಿ ಉಳಿದದ್ದನ್ನೂ ಇಳಿಸಬೇಕು. ಹತ್ತು ನಿಮಿಷದ ಕೆಲಸ.

ಎಚ್ಚರಿಕೆಯ ಮಾತು

ವಿದ್ಯಾರ್ಥಿಗಳು ಈ ಕೆಲಸವನ್ನು ಒಬ್ಬರೇ ಮಾಡಬಾರದು. ಹಿರಿಯರು ಬಿಚ್ಚಲಿ, ನೀವು ನೋಡಿ ಬರೆದುಕೊಳ್ಳಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಬೀಡಿಯನ್ನೋ ಮುಟ್ಟಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಹಗಲಿನಲ್ಲಿಯೇ ಕೆಲಸ ಮಾಡಬೇಕು. ಕೊಳವೆಯಿಂದ ಪೆಟ್ರೋಲನ್ನು ಬಾಯಿಯಿಂದ ಎಳೆಯಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ನಡೆಸಿದರೆ ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಗಾಡಿ ತಡವರಿಸುತ್ತಿರುವಾಗ 'ಇರಲಿ, ಓಡುತ್ತದಲ್ಲ' ಎಂದು ರಸ್ತೆಗೆ ಒಯ್ಯಬಾರದು. ಈ ಮಾತನ್ನು ಪಾಲಕರಿಗೂ ವಿನಯದಿಂದ ಹೇಳುತ್ತೇನೆ.

ಇಷ್ಟು ಮಾಡಿದ ಮೇಲೂ ರೋಗ ಸಿಗದಿದ್ದರೆ ನುರಿತ ಮೇಸ್ತ್ರಿಯ ಬಳಿಗೆ ಹೋಗಬೇಕು. ಆದರೆ ಬರಿಗೈಯಲ್ಲಲ್ಲ, ನೋಟುಪುಸ್ತಕ ಹಿಡಿದುಕೊಂಡು. ಯಾವಾಗ ತಡವರಿಸುತ್ತದೆ, ಚೋಕಿಗೆ ಏನೆಂದಿತು, ಪ್ಲಗ್ ಯಾವ ಬಣ್ಣವಿತ್ತು ಎಂದು ಹೇಳಬಲ್ಲ ಗಿರಾಕಿಯನ್ನು ಒಳ್ಳೆಯ ಮೇಸ್ತ್ರಿ ಗೌರವದಿಂದ ಕಾಣುತ್ತಾನೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕೊಲ್ಹಾಪುರದ ಎರಕದ ಕಾರ್ಖಾನೆಗಳು, ಇಚಲಕರಂಜಿಯ ಮಗ್ಗಗಳು ನಮ್ಮ ನೆರೆಯಲ್ಲಿಯೇ ಇವೆ. ಯಂತ್ರವನ್ನು ಕಂಡು ಹೆದರದೆ, ಅದು ಏಕೆ ಹೀಗೆ ಮಾಡುತ್ತದೆಂದು ಕೇಳುವ ಪರಂಪರೆ ನಮ್ಮ ಗಡಿನಾಡಿಗೆ ಹೊಸದಲ್ಲ.

ಕಾಕಾ ಈಗಲೂ ಅದೇ ಗಾಡಿಯಲ್ಲಿ ಹಾಲು ಒಯ್ಯುತ್ತಾರೆ. ಗಾಡಿ ತಡವರಿಸುವುದಿಲ್ಲ. ಆದರೂ ಡಾಂಬರು ರಸ್ತೆಯ ಅಂಚಿಗೆ ಬಂದಾಗ ನಿಂತು, ಎರಡೂ ಕಡೆ ನೋಡಿ, ರಸ್ತೆ ಪೂರ್ತಿ ಖಾಲಿಯಾದ ಮೇಲೆಯೇ ದಾಟುತ್ತಾರೆ. ನೋಟುಪುಸ್ತಕ ಅವರ ಮಗಳ ಬಳಿ ಇದೆ. ಅದರ ಕೊನೆಯ ಸಾಲಿನಲ್ಲಿ ಅವಳು ಬರೆದಿದ್ದಾಳೆ: 'ಮುಂದಿನ ಜೂನ್ ಮೊದಲ ವಾರ, ಪೆಟ್ರೋಲ್ ಇಳಿಸುವುದು.'